ಕಾನೂನು ಒಪ್ಪಿದ ಮೇಲೆ ಬೀದಿ ಯಾಕೆ ಒಪ್ಪೋದಿಲ್ಲ?

ಲಿಂಗಸುಗೂರಿನ ಗೆಳೆಯರ ಜೊತೆ ಚಹಾ ಕುಡಿಯುವಾಗ ಒಬ್ಬ ಕೇಳಿದ: "ಅಲ್ಲೋ, ಕಾನೂನೇ ಹೂಂ ಅಂದ ಮ್ಯಾಲ ಮಂದಿದೇನು ಗಲಾಟೆ?" ಸಲಿಂಗ ಮದುವೆಯ ಮಾತು ನಡೆದಿತ್ತು. ಈ ಸಲ ಆ ಪ್ರಶ್ನೆಯನ್ನೇ ಓದಿಗೆ ತಗೊಂಡಿದ್ದೇವೆ.

ಮೊದಲು ನಮ್ಮ ದೇಶದ ಸ್ಥಿತಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧವಲ್ಲ ಅಂತು. ಆದರೆ 2023ರ ಅಕ್ಟೋಬರ್ 17ರಂದು, ಮದುವೆ ಮೂಲಭೂತ ಹಕ್ಕಲ್ಲ, ಕಾನೂನು ಮಾಡೋದು ಸಂಸತ್ತಿನ ಕೆಲಸ ಅಂತ ಐವರು ನ್ಯಾಯಮೂರ್ತಿಗಳೂ ಹೇಳಿದರು. ಅರ್ಜಿ ಹಾಕಿದವರಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿ ಕೂಡ ಇದ್ದರು.

ಕಾನೂನು ಬಂದ ದೇಶಗಳಲ್ಲಿ ವಿರೋಧ ಮೂರು ಜಾಗದಲ್ಲಿ ಕಾಣುತ್ತದೆ.

ಒಂದು, ಬೀದಿ. ಫ್ರಾನ್ಸ್‌ನಲ್ಲಿ 2013ರ ಮೇ 18ರಂದು ಕಾನೂನು ಜಾರಿಯಾಯಿತು. ಅದಾದ ಮೇಲೂ ಪ್ಯಾರಿಸ್‌ನಲ್ಲಿ ದೊಡ್ಡ ಮೆರವಣಿಗೆ ನಡೆಯಿತು. ಕಾನೂನು ಮಾತ್ರ ಉಳಿಯಿತು.

ಎರಡು, ಮತಪೆಟ್ಟಿಗೆ. ತೈವಾನ್‌ನಲ್ಲಿ 2017ರಲ್ಲಿ ಕೋರ್ಟ್ ಒಪ್ಪಿತು. 2018ರ ಜನಮತದಲ್ಲಿ ಬಹುಮತ ವಿರೋಧವಾಗಿ ಬಂತು. ಆಗ ಸರ್ಕಾರ ಹಳೆಯ ಸಿವಿಲ್ ಸಂಹಿತೆಯನ್ನು ಮುಟ್ಟದೆ, 2019ರ ಮೇನಲ್ಲಿ ಬೇರೆಯೇ ಕಾನೂನು ಮಾಡಿತು. ಎರಡೂ ಕಡೆಯವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ, ಆದರೆ ಮದುವೆಗಳು ನಡೆದವು.

ಮೂರು, ಕಚೇರಿಯ ಟೇಬಲ್ಲು. ಅಮೆರಿಕದಲ್ಲಿ 2015ರ ಜೂನ್ 26ರ ತೀರ್ಪಿನ ಮೇಲೆ ಕೆಂಟಕಿಯ ಒಬ್ಬ ಕೌಂಟಿ ಕ್ಲರ್ಕ್ ಮದುವೆ ಪರವಾನಗಿ ಕೊಡಲು ಒಪ್ಪಲಿಲ್ಲ. ಕೋರ್ಟ್ ಆದೇಶ ಮೀರಿದ್ದಕ್ಕೆ ಐದು ದಿನ ಜೈಲಿನಲ್ಲಿ ಇರಬೇಕಾಯಿತು.

ಇದೆಲ್ಲ ಹೊರಗಿನವರ ಕಥೆ ಅನ್ನಿಸಿದರೆ ನಮ್ಮ ಕಡೆ ನೋಡೋಣ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಶರಣರು ಒಪ್ಪಿದ್ದರು, ಊರು ಒಪ್ಪಲಿಲ್ಲ. ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅಂತ ಪರಂಪರೆ ಹೇಳುತ್ತದೆ. ಕಲ್ಯಾಣವೇ ಚದುರಿಹೋಯಿತು.

ಇವತ್ತು ಅಂತರ್ಜಾತಿ ಮದುವೆಗೆ ಕಾನೂನಿನ ಅಡ್ಡಿ ಇಲ್ಲ. ಆದರೂ ವಿಶೇಷ ವಿವಾಹ ಕಾಯ್ದೆ, 1954ರ ಪ್ರಕಾರ ಮದುವೆಯಾಗುವವರ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚಬೇಕು. ಆಕ್ಷೇಪಣೆಗೆ 30 ದಿನ. ವಯಸ್ಸು, ಹಿಂದಿನ ಮದುವೆಯಂಥ ಕಾರಣಕ್ಕೆ ಮಾತ್ರ ಆಕ್ಷೇಪ ನಡೆಯುತ್ತದೆ, ಜಾತಿ ಕಾರಣವಲ್ಲ. ಆದರೆ ಆ 30 ದಿನದಲ್ಲಿ ಸುದ್ದಿ ಮನೆ ಮುಟ್ಟಿದರೆ ಏನಾಗುತ್ತದೆ ಅಂತ ತಾಲ್ಲೂಕಿನಲ್ಲಿ ಬೆಳೆದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ವಯಸ್ಕರಿಬ್ಬರ ಮದುವೆಗೆ ಪಂಚಾಯ್ತಿ ಕೂಡಿ ಅಡ್ಡ ಬರೋದು ಕಾನೂನುಬಾಹಿರ ಅಂತ ಹೇಳಬೇಕಾಗಿ ಬಂತು.

ಹಂಗಾದ್ರೆ ವಿರೋಧವೇ ತಪ್ಪಾ? ಅಲ್ಲ. ಮೆರವಣಿಗೆ ಮಾಡೋದು, ಮತ ಹಾಕೋದು ಅವರ ಹಕ್ಕು. ಟೇಬಲ್ಲಿನ ಮೇಲಿನ ಅರ್ಜಿ ತಡೆಯೋದು, ಮನೆಗೆ ನುಗ್ಗೋದು ಹಕ್ಕಲ್ಲ. ಈ ಗೆರೆ ಎಲ್ಲಿದೆ ಅಂತ ಗೊತ್ತಿರಬೇಕು.

ಕೊನೆಗೊಂದು ಮಾತು. ನಮ್ಮ ಹಾಸ್ಟೆಲಿನಲ್ಲೂ ತನ್ನ ವಿಷಯ ಯಾರಿಗೂ ಹೇಳದೆ ಕೂತ ಗೆಳೆಯ, ಗೆಳತಿ ಇರಬಹುದು. ಸಂಸತ್ತು ಏನು ಮಾಡುತ್ತದೋ ನಮ್ಮ ಕೈಯಲ್ಲಿಲ್ಲ. ಅವರು ಬಾಯಿ ಬಿಟ್ಟ ದಿನ ನಗದೆ ಕೇಳೋದು ನಮ್ಮ ಕೈಯಲ್ಲೇ ಇದೆ.