ಬ್ರೇಕ್ ದೀಪ ಹತ್ತದಿದ್ದರೆ ಮೊದಲು ಇಂಡಿಕೇಟರ್ ಹಾಕಿ ನೋಡಿ

ಅಮೆರಿಕದಲ್ಲಿ ಹಳೆಯ ಮೋಟರ್‌ಹೋಮ್ ಕೊಂಡು ಸುತ್ತುವವರಿಗೆ ಒಂದು ಮಾತು. ಬ್ರೇಕ್ ಒತ್ತಿದಾಗ ಹಿಂದಿನ ಎರಡೂ ಕೆಂಪು ದೀಪ ಹತ್ತದಿದ್ದರೆ ಬಲ್ಬ್ ತರಲು ಓಡಬೇಡಿ. ಎರಡೂ ಒಟ್ಟಿಗೇ ಸುಟ್ಟುಹೋಗುವುದು ಅಪರೂಪ. ಅಲ್ಲಿನ ಅನೇಕ ಗಾಡಿಗಳಲ್ಲಿ ಬ್ರೇಕಿಗೂ ಇಂಡಿಕೇಟರಿಗೂ ಒಂದೇ ಫಿಲಮೆಂಟ್. ಪೆಡಲ್ ಬಳಿಯ ಸ್ವಿಚ್ಚಿನಿಂದ ಹೊರಟ ಕರೆಂಟ್ ಸ್ಟೀರಿಂಗ್ ಬುಡದ ಇಂಡಿಕೇಟರ್ ಸ್ವಿಚ್ಚನ್ನು ಹಾದೇ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಎರಡೂ ಕಡೆ ಇಂಡಿಕೇಟರ್ ಸರಿಯಾಗಿ ಮಿನುಗಿದರೆ ಆ ಬಲ್ಬು, ಹಿಂದಿನ ವೈರು, ಅರ್ಥಿಂಗ್ ಮೂರರ ಮೇಲೂ ಅನುಮಾನ ಬೇಡ. ನಡುವೆ ಎತ್ತರದಲ್ಲಿ ಮೂರನೆಯ ದೀಪವಿದ್ದರೆ ಅದಕ್ಕೆ ಸಾಮಾನ್ಯವಾಗಿ ಪೆಡಲ್ ಸ್ವಿಚ್ಚಿನಿಂದಲೇ ನೇರ ವೈರು. ಅದೊಂದೇ ಹತ್ತಿದರೆ ಕಳ್ಳ ಸ್ಟೀರಿಂಗ್ ಬಳಿ ಕೂತಿದ್ದಾನೆ. ಅದೂ ಹತ್ತದಿದ್ದರೆ ಫ್ಯೂಸ್ ನೋಡಿ, ಆಮೇಲೆ ಪೆಡಲ್ ಸ್ವಿಚ್.

ಅರ್ಥಿಂಗೇ ಹೋಗಿರುತ್ತದೆ ಎಂದು ವಾದಿಸುವವರೂ ಇದ್ದಾರೆ. ಫೈಬರ್ ಮೈಯಲ್ಲಿ ಕರೆಂಟ್ ಹರಿಯದು, ದೀಪದಿಂದ ಷಾಸಿಗೆ ಬೇರೆಯೇ ವೈರು ಬೇಕು, ಅದರ ತುದಿಗೆ ತುಕ್ಕು ಹಿಡಿಯುತ್ತದೆ, ಎಲ್ಲವೂ ನಿಜ. ಆದರೆ ಆಗ ಇಂಡಿಕೇಟರೂ ಮಂಕಾಗುತ್ತದೆ ಅಥವಾ ಸಾಯುತ್ತದೆ. ಹಳದಿ ಇಂಡಿಕೇಟರ್ ಬೇರೆಯಾಗಿರುವ ಗಾಡಿಗಳಿಗೆ ಮಾತ್ರ ಈ ಲೆಕ್ಕ ಹೊಂದದು. ಯಾವ ಗಾಡಿಯೇ ಆಗಲಿ, ದೀಪ ಸರಿಹೋಗುವವರೆಗೆ ರಸ್ತೆಗಿಳಿಸಬೇಡಿ.