ಅಜ್ಜಿಯ ಕಣ್ಣಿಗೆ ಯಾವ ಮಸೂರ?



ಒಮ್ಮೆ ಒಂದು ಹಳ್ಳಿಯ ಶಾಲೆಗೆ ಬೆಳಕಿನ ಪ್ರಯೋಗಗಳನ್ನು ತೋರಿಸಲು ಹೋಗಿದ್ದೆ. ಪಾಠ ಮುಗಿದ ಮೇಲೆ ಏಳನೇ ತರಗತಿಯ ಹುಡುಗಿಯೊಬ್ಬಳು ಹತ್ತಿರ ಬಂದಳು. "ಸಾರ್, ಅಕ್ಕಿ ಆರಿಸುವಾಗ ನಮ್ಮಜ್ಜಿಗೆ ಕಲ್ಲು ಕಾಣಲ್ಲ. ಪೊರೆ ಬಂದಿದೆಯಂತೆ. ಆಪರೇಷನ್ ಮಾಡಿ ಕಣ್ಣೊಳಗೆ ಲೆನ್ಸ್ ಹಾಕ್ತಾರಂತೆ. ಒಂದೊಂದಕ್ಕೆ ಒಂದೊಂದು ರೇಟಂತೆ. ಜಾಸ್ತಿ ದುಡ್ಡಿನದ್ದೇ ಒಳ್ಳೇದಾ ಸಾರ್? ಅಜ್ಜಿ ಮಾತ್ರ, ಈ ವಯಸ್ಸಲ್ಲಿ ನನಗ್ಯಾಕೆ, ದುಡ್ಡು ದಂಡ ಅಂತಾಳೆ" ಎಂದಳು.

ಇದು ಅವಳೊಬ್ಬಳ ಪ್ರಶ್ನೆಯಲ್ಲ, ಎಷ್ಟೋ ಮನೆಗಳ ಪ್ರಶ್ನೆ. ಉತ್ತರ ತಿಳಿಯಲು ಮೊದಲು ಕಣ್ಣಿನ ಒಳಗೆ ಇಣುಕಿ ನೋಡೋಣ.

ಪೊರೆ ಎಂದರೇನು?

ಕನ್ನಡಿಯಲ್ಲಿ ನಿಮ್ಮ ಕಣ್ಣನ್ನು ನೋಡಿಕೊಳ್ಳಿ. ನಡುವೆ ಕಪ್ಪಗೆ ಕಾಣುವುದೇ ಪಾಪೆ. ಅದು ಬೆಳಕು ಒಳಗೆ ಹೋಗುವ ಕಿಂಡಿ. ಅದರ ಮುಂದೆ ಕೈಗಡಿಯಾರದ ಗಾಜಿನಂತೆ ಪಾರದರ್ಶಕವಾದ ಕಾರ್ನಿಯಾ ಇದೆ. ಪಾಪೆಯ ಹಿಂದೆ ಒಂದು ಪೀನ ಮಸೂರವಿದೆ. ಇವೆರಡೂ ಸೇರಿ ಬೆಳಕನ್ನು ಬಾಗಿಸಿ, ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ ಬಿಂಬವನ್ನು ಮೂಡಿಸುತ್ತವೆ.

ಈ ಮಸೂರ ಮುಖ್ಯವಾಗಿ ನೀರು ಮತ್ತು ಪ್ರೋಟೀನುಗಳಿಂದ ಆಗಿದೆ. ಪ್ರೋಟೀನುಗಳು ಓರಣವಾಗಿ ಜೋಡಣೆಯಾಗಿರುವವರೆಗೆ ಮಸೂರ ತಿಳಿಯಾಗಿರುತ್ತದೆ. ವಯಸ್ಸಾದಂತೆ ಅವು ಕೆಟ್ಟು ಗುಂಪುಗೂಡುತ್ತವೆ. ಆಗ ಮಸೂರ ಮಬ್ಬಾಗುತ್ತದೆ. ಇದೇ ಪೊರೆ. ಸಕ್ಕರೆ ಕಾಯಿಲೆ, ಕಣ್ಣಿಗೆ ಬಿದ್ದ ಪೆಟ್ಟು, ಧೂಮಪಾನ ಇವುಗಳಿಂದಲೂ ಪೊರೆ ಬರಬಹುದು ಅಥವಾ ಬೇಗ ಬರಬಹುದು. ಕೆಲವು ಶಿಶುಗಳಿಗೆ ಹುಟ್ಟಿನಿಂದಲೇ ಇರುತ್ತದೆ.

'ಪೊರೆ' ಎಂಬ ಹೆಸರಿನಿಂದ ಅದು ಕಣ್ಣಿನ ಮೇಲೆ ಬೆಳೆದ ಪದರ, ಕೆರೆದು ತೆಗೆಯಬಹುದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಒಳಗಿನ ಮಸೂರವೇ ಮಬ್ಬಾಗಿರುತ್ತದೆ. ಕೋಳಿಮೊಟ್ಟೆಯ ತಿಳಿಯಾದ ಲೋಳೆ ಬೆಂದಾಗ ಬೆಳ್ಳಗಾಗುತ್ತದೆ. ಅದು ಮತ್ತೆ ತಿಳಿಯಾಗುವುದುಂಟೇ? ಪೊರೆಯೂ ಹಾಗೆಯೇ. ಯಾವ ಹನಿಮದ್ದೂ ಅದನ್ನು ಕರಗಿಸುವುದಿಲ್ಲ. ಎಲೆಯ ರಸ ಮುಂತಾದವನ್ನು ಹಾಕಿದರೆ ಕಣ್ಣೇ ಕೆಡಬಹುದು. ಮಬ್ಬಾದ ಮಸೂರವನ್ನು ತೆಗೆಯುವುದೊಂದೇ ದಾರಿ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ದಪ್ಪದಲ್ಲಿ ವ್ಯತ್ಯಾಸವಿರುವ ಎರಡು ಪೀನ ಮಸೂರಗಳು, ಬಿಳಿ ಹಾಳೆ, ಎಣ್ಣೆ ಸವರಿದ ಕಾಗದ.

1. ಕಿಟಕಿಯ ಎದುರಿನ ಗೋಡೆಗೆ ಬಿಳಿ ಹಾಳೆ ಅಂಟಿಸಿ. ಅದರ ಮುಂದೆ ಒಂದು ಮಸೂರ ಹಿಡಿದು ಹಿಂದೆ ಮುಂದೆ ಸರಿಸಿ. ಒಂದು ಜಾಗದಲ್ಲಿ ಕಿಟಕಿಯ ಸ್ಪಷ್ಟವಾದ ತಲೆಕೆಳಗಾದ ಬಿಂಬ ಮೂಡುತ್ತದೆ. ಹಾಳೆಯೇ ಅಕ್ಷಿಪಟಲ ಎಂದುಕೊಳ್ಳಿ.
2. ಮಸೂರದ ಮುಂದೆ ಎಣ್ಣೆ ಕಾಗದ ಹಿಡಿಯಿರಿ. ಬಿಂಬ ಮಸುಕಾಗುತ್ತದೆ. ಇದು ಪೊರೆ ಬಂದ ಕಣ್ಣು.
3. ಕಾಗದವನ್ನೂ ಮಸೂರವನ್ನೂ ತೆಗೆಯಿರಿ. ಹಾಳೆಯ ಮೇಲೆ ಬೆಳಕು ಬೀಳುತ್ತದೆ, ಬಿಂಬವಿಲ್ಲ.
4. ಮೊದಲ ಮಸೂರವಿದ್ದ ಜಾಗದಲ್ಲೇ ಎರಡನೆಯದನ್ನು ಹಿಡಿಯಿರಿ. ಮಸೂರ ತಿಳಿಯಾಗಿದ್ದರೂ ಬಿಂಬ ಅಸ್ಪಷ್ಟ!

ಎಚ್ಚರಿಕೆ: ಮಸೂರದ ಮೂಲಕ ಸೂರ್ಯನನ್ನು ಎಂದಿಗೂ ನೋಡಬಾರದು.

ನಾಲ್ಕನೆಯ ಹಂತವನ್ನು ಮರೆಯಬೇಡಿ. ಹುಡುಗಿಯ ಪ್ರಶ್ನೆಗೆ ಉತ್ತರ ಅಲ್ಲೇ ಅಡಗಿದೆ.

ವಿಮಾನದ ಚೂರು ಕಲಿಸಿದ ಪಾಠ

ಹಿಂದೆ ವೈದ್ಯರು ಮಬ್ಬಾದ ಮಸೂರವನ್ನು ತೆಗೆದು ದಪ್ಪ ಕನ್ನಡಕ ಕೊಡುತ್ತಿದ್ದರು. ನಮ್ಮ ನಾಡಿನ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರ ಶಿಬಿರ ನಡೆಸಿ ಅಸಂಖ್ಯ ಬಡವರಿಗೆ ಬೆಳಕು ಕಾಣಿಸಿದರು. ಆ ಕಾಲದ ಶಿಬಿರಗಳಿಂದ ಜನ ದಪ್ಪ ಕನ್ನಡಕ ಹಾಕಿಕೊಂಡೇ ಮನೆಗೆ ಮರಳುತ್ತಿದ್ದರು. ಅದರಲ್ಲಿ ವಸ್ತುಗಳು ಸುಮಾರು ಕಾಲುಭಾಗ ದೊಡ್ಡದಾಗಿ ಕಾಣುತ್ತಿದ್ದವು. ಪಕ್ಕದ ನೋಟ ಸರಿಯಾಗಿರುತ್ತಿರಲಿಲ್ಲ. ಕನ್ನಡಕ ಒಡೆದರಂತೂ ಕಣ್ಣು ಕಟ್ಟಿದಂತೆಯೇ.

ಮಸೂರವನ್ನು ಕಣ್ಣೊಳಗೇ ಇಡಬಹುದೆಂದು ತೋರಿಸಿದವರು ಇಂಗ್ಲೆಂಡಿನ ವೈದ್ಯ ಹೆರಾಲ್ಡ್ ರಿಡ್ಲೆ. ಎರಡನೇ ಮಹಾಯುದ್ಧದಲ್ಲಿ ವಿಮಾನಗಳ ಮುಚ್ಚಳ ಒಡೆದು, ಅದರ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಹೊರಗಿನ ವಸ್ತು ಹೊಕ್ಕರೆ ಕಣ್ಣು ಊದಿಕೊಳ್ಳುವುದು ಸಾಮಾನ್ಯ. ಆದರೆ ಈ ಚೂರುಗಳು ಸುಮ್ಮನೆ ಕುಳಿತಿದ್ದವು. ಹಾಗಾದರೆ ಇದೇ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಬಾರದೇಕೆ ಎಂದು ರಿಡ್ಲೆ ಯೋಚಿಸಿದರು. 1949ರ ನವೆಂಬರ್ 29ರಂದು ಲಂಡನ್ನಿನಲ್ಲಿ ಪೊರೆಯ ರೋಗಿಯೊಬ್ಬರಿಗೆ ಶಸ್ತ್ರಚಿಕಿತ್ಸೆ ಆರಂಭಿಸಿದರು. ಕೃತಕ ಮಸೂರವನ್ನು ಶಾಶ್ವತವಾಗಿ ಕೂರಿಸಿದ್ದು 1950ರ ಫೆಬ್ರವರಿಯಲ್ಲಿ.

ಕಣ್ಣು ಮಸೂರವನ್ನು ಸ್ವೀಕರಿಸಿತು. ಆದರೆ ಅದರ ಸಾಮರ್ಥ್ಯ ಬೇಕಾದದ್ದಕ್ಕಿಂತ ತುಂಬಾ ಹೆಚ್ಚಾಗಿತ್ತು. ರೋಗಿಗೆ ದೂರದ ನೋಟ ಬಹಳ ಮಸುಕಾಯಿತು. ನಿಮ್ಮ ಪ್ರಯೋಗದ ನಾಲ್ಕನೆಯ ಹಂತ ಇದೇ ಅಲ್ಲವೇ? ಅನೇಕ ವೈದ್ಯರು ರಿಡ್ಲೆಯವರನ್ನು ವರ್ಷಗಟ್ಟಲೆ ವಿರೋಧಿಸಿದರು. ಕೊನೆಗೆ ಜಗತ್ತೇ ಅವರ ದಾರಿ ಹಿಡಿಯಿತು. ಮುಪ್ಪಿನಲ್ಲಿ ಸ್ವತಃ ರಿಡ್ಲೆಯವರ ಕಣ್ಣುಗಳಿಗೂ ಕೃತಕ ಮಸೂರ ಹಾಕಲಾಯಿತು! ನಮ್ಮ ದೇಶದಲ್ಲಿ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ಅಂಗಸಂಸ್ಥೆ ಅರೋಲ್ಯಾಬ್ 1992ರಲ್ಲಿ ಕಡಿಮೆ ಬೆಲೆಯ ಮಸೂರಗಳ ತಯಾರಿಕೆ ಆರಂಭಿಸಿತು.

ಮೊದಲು ಅಳತೆ

ದರ್ಜಿ ಅಳತೆ ತೆಗೆದು ಅಂಗಿ ಹೊಲಿಯುತ್ತಾನೆ. ಮಸೂರಕ್ಕೂ ಅಳತೆ ಬೇಕು. ಕಾರ್ನಿಯಾ ಎಷ್ಟು ಬಾಗಿದೆ, ಕಣ್ಣುಗುಡ್ಡೆ ಎಷ್ಟು ಉದ್ದವಿದೆ ಎಂದು ಯಂತ್ರಗಳಿಂದ ಅಳೆಯುತ್ತಾರೆ. ಉದ್ದ ಸಾಮಾನ್ಯವಾಗಿ 23–24 ಮಿ.ಮೀ. ಅಳತೆಯಲ್ಲಿ ಕೇವಲ 1 ಮಿ.ಮೀ. ತಪ್ಪಿದರೂ ಸುಮಾರು 2.5ರಿಂದ 3 ಡಯಾಪ್ಟರ್ ವ್ಯತ್ಯಾಸವಾಗುತ್ತದೆ. ಡಯಾಪ್ಟರ್ ಎಂದರೆ ಮಸೂರದ ಸಾಮರ್ಥ್ಯದ ಏಕಮಾನ, ಕನ್ನಡಕದ ಚೀಟಿಯಲ್ಲಿ ಬರೆಯುವ 'ನಂಬರ್'. ಆದ್ದರಿಂದ ಅಳತೆ ಸರಿಯಿಲ್ಲದಿದ್ದರೆ ಎಷ್ಟೇ ದುಬಾರಿ ಮಸೂರವೂ ಸ್ಪಷ್ಟ ನೋಟ ಕೊಡದು.

ಆಮೇಲೆ ಆಯ್ಕೆ

ಒಂದೇ ದೂರದ ಮಸೂರ: ಇದರಲ್ಲಿ ಒಂದು ದೂರ ಮಾತ್ರ ಸ್ಪಷ್ಟ. ಸಾಮಾನ್ಯವಾಗಿ ದೂರದ ನೋಟಕ್ಕೆ ಹೊಂದಿಸುತ್ತಾರೆ. ಓದಲು, ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು. ಹೆಚ್ಚಿನವರಿಗೆ ಹಾಕುವುದು ಇದನ್ನೇ.

ಹಲವು ದೂರದ ಮಸೂರ: ಇದು ಬೆಳಕನ್ನು ಹಂಚಿ ದೂರ, ಹತ್ತಿರ ಎರಡನ್ನೂ ಕಾಣಿಸುತ್ತದೆ. ಕನ್ನಡಕದ ಅಗತ್ಯ ಕಡಿಮೆ. ಆದರೆ ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆಯಂತೆ ಬೆಳಕು ಕಾಣುತ್ತದೆ. ರಾತ್ರಿ ಲಾರಿ ಓಡಿಸುವವರಿಗೆ ಇದು ತೊಂದರೆ. ಅಕ್ಷಿಪಟಲದ ಕಾಯಿಲೆ ಇರುವವರಿಗೂ ಸಾಮಾನ್ಯವಾಗಿ ಇದು ಹೊಂದುವುದಿಲ್ಲ.

ಟೋರಿಕ್ ಮಸೂರ: ಕಾರ್ನಿಯಾ ಎಲ್ಲ ಕಡೆಗೂ ಸಮವಾಗಿ ಬಾಗಿರದಿದ್ದರೆ ಆ ದೋಷವನ್ನು ಇದು ಸರಿಪಡಿಸುತ್ತದೆ.

ಇನ್ನು 'ಮಡಚುವ ಮಸೂರ'. ಇದನ್ನು ಸುಮಾರು 3 ಮಿ.ಮೀ. ಅಥವಾ ಅದಕ್ಕೂ ಚಿಕ್ಕ ಕಿಂಡಿಯಿಂದ ಒಳಗೆ ತೂರಿಸಬಹುದು. ಗಟ್ಟಿ ಮಸೂರಕ್ಕೆ ದೊಡ್ಡ ಕಿಂಡಿ ಬೇಕು. ಚಿಕ್ಕ ಗಾಯ ಬೇಗ ಮಾಯುತ್ತದೆ. ಗಟ್ಟಿ ಮಸೂರದಿಂದಲೂ ಒಳ್ಳೆಯ ನೋಟ ಬರುತ್ತದೆ.

ಹಾಗಾಗಿ ವೈದ್ಯರ ಬಳಿ ಕೇಳಬೇಕಾದ ಪ್ರಶ್ನೆ 'ಯಾವುದು ದುಬಾರಿ?' ಎಂದಲ್ಲ. 'ಈ ಕಣ್ಣಿಗೆ, ಇವರ ಕೆಲಸಕ್ಕೆ ಯಾವುದು ಹೊಂದುತ್ತದೆ?' ಎಂದು.

ಬಲಿಯುವವರೆಗೆ ಕಾಯಬೇಕೇ?

'ಪೊರೆ ಬಲಿಯಲಿ, ಆಮೇಲೆ ತೆಗೆಸೋಣ' ಎಂಬುದು ಹಳೆಯ ಮಾತು. ಈಗ ಹಾಗೆ ಕಾಯಬೇಕಾಗಿಲ್ಲ. ನಿತ್ಯದ ಕೆಲಸಕ್ಕೆ ತೊಂದರೆಯಾದಾಗ ವೈದ್ಯರನ್ನು ಕಾಣಬೇಕು. ತೀರಾ ಬಲಿತ ಪೊರೆಯನ್ನು ತೆಗೆಯುವುದು ಕಷ್ಟ. ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಮಸೂರ ಸಹಿತ ಉಚಿತ ಶಸ್ತ್ರಚಿಕಿತ್ಸೆಯೂ ದೊರೆಯುತ್ತದೆ. ಅನಂತರ ಕಣ್ಣು ಉಜ್ಜಬಾರದು, ಹನಿಮದ್ದು ತಪ್ಪಿಸಬಾರದು. ನೋವು, ಕೆಂಪು ಹೆಚ್ಚಾದರೆ ಅಥವಾ ನೋಟ ಕುಂದಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮುಂದಿನ ಸಲ ಆ ಶಾಲೆಗೆ ಹೋದಾಗ ಹುಡುಗಿ ಓಡಿಬಂದಳು. ಉಚಿತ ಶಿಬಿರದಲ್ಲಿ ಅಜ್ಜಿಗೆ ಒಂದೇ ದೂರದ ಮಸೂರ ಹಾಕಿದ್ದರು. ಹತ್ತಿರದ ಕೆಲಸಕ್ಕೆ ಒಂದು ಕನ್ನಡಕ. "ಈಗ ಅಕ್ಕಿಯಲ್ಲಿ ಒಂದು ಕಲ್ಲೂ ಬಿಡಲ್ಲ ಸಾರ್. ನನ್ನ ಕಾಪಿ ಪುಸ್ತಕ ನೋಡಿ, ಅಕ್ಷರ ಕೋಳಿ ಕಾಲಿನ ಹಾಗಿದೆ ಅಂತ ಬೈತಾಳೆ!" ಎಂದು ನಕ್ಕಳು.

ನಿಮ್ಮ ಮನೆಯಲ್ಲೂ, ನೆರೆಮನೆಯಲ್ಲೂ ಅಜ್ಜ ಅಜ್ಜಿಯರು ಇದ್ದಾರಲ್ಲವೇ? ಇಂದೇ ಅವರನ್ನು ಮಾತನಾಡಿಸಿ.

ಯೋಚಿಸಿ, ಉತ್ತರಿಸಿ

1. ಹನಿಮದ್ದಿನಿಂದ ಪೊರೆ ಏಕೆ ಹೋಗುವುದಿಲ್ಲ?
2. ಒಬ್ಬರ ಕಣ್ಣಿಗೆ ಸರಿಹೊಂದಿದ ಕೃತಕ ಮಸೂರ ಇನ್ನೊಬ್ಬರಿಗೆ ಏಕೆ ಹೊಂದದಿರಬಹುದು?
3. ಹೂ ಕಟ್ಟುವವರು ಮತ್ತು ರಾತ್ರಿ ಬಸ್ಸಿನ ಚಾಲಕರು: ಮಸೂರ ಆರಿಸುವಾಗ ಇವರಿಬ್ಬರೂ ವೈದ್ಯರಿಗೆ ಏನೇನು ಹೇಳಬೇಕು?