ಒಬ್ಬರ ಸರ್ವೆ ನಂಬರು ಇನ್ನೊಬ್ಬರ ಅರ್ಜಿಗೆ ಬೀಳದಿರಲಿ

ಹುಳಿಯಾರಿನಲ್ಲಿ ಆನ್‌ಲೈನ್ ಅಂಗಡಿ ಹಾಕುತ್ತೇನೆ ಅಂದೆಯಲ್ಲ, ಕೇಳಿ ಸಂತೋಷವಾಯಿತು. ನಿನ್ನ ಬಾಗಿಲಿಗೆ ಬರುವವರು ಹೆಚ್ಚಿನಂಶ ತೆಂಗಿನವರೇ. ಒಬ್ಬರಿಗೆ ಫ್ರೂಟ್ಸ್ ಐಡಿ ಬೇಕು, ಇನ್ನೊಬ್ಬರಿಗೆ ಬೆಂಬಲ ಬೆಲೆಯ ಕೊಬ್ಬರಿಗೆ ಹೆಸರು ನೋಂದಾಯಿಸಬೇಕು, ಮತ್ತೊಬ್ಬರಿಗೆ ಮರದ ವಿಮೆ. ಇವನ್ನೆಲ್ಲ ನೀನು ಬೇಗ ಕಲಿಯುತ್ತೀಯ. ನಾನು ಹೇಳಬೇಕೆಂದಿರುವುದು ಬೇರೆ ಒಂದು ಕೆಲಸದ ಬಗ್ಗೆ. ನೋಡಲು ಚಿಕ್ಕದು, ಹಾಗಾಗಿ ಯಾರೂ ಹೇಳಿಕೊಡುವುದಿಲ್ಲ.

ತೆಂಗು ಬೆಳೆಗಾರರ ಸಂಘದ ಕಾರ್ಯದರ್ಶಿ ಒಂದು ದಿನ ಪೆನ್‌ಡ್ರೈವ್ ಹಿಡಿದು ಬರುತ್ತಾರೆ. ಅದರಲ್ಲಿ ಸದಸ್ಯರೆಲ್ಲರ ಅರ್ಜಿ ಇರುತ್ತದೆ. ಎಲ್ಲವೂ ಒಂದೇ ನಮೂನೆ, ಕಂಪ್ಯೂಟರಿನಲ್ಲೇ ತುಂಬಿದ ಪಿಡಿಎಫ್. 'ಇವನ್ನೆಲ್ಲ ಸೇರಿಸಿ ಒಂದೇ ಫೈಲ್ ಮಾಡಿಕೊಡಪ್ಪ, ಕಚೇರಿಗೆ ಮೇಲ್ ಮಾಡಬೇಕು' ಅನ್ನುತ್ತಾರೆ. ಎಲ್ಲವನ್ನೂ ಆಯ್ದು ಮರ್ಜ್ ಒತ್ತಿದರೆ ಅರೆಗಳಿಗೆಯಲ್ಲಿ ಮುಗಿಯಿತು ಅನ್ನಿಸುತ್ತದೆ. ಅಲ್ಲಿಯೇ ಕೈ ತಡೆ.

ಸೇರಿಸಿದ ಫೈಲನ್ನು ತೆರೆದು ಎರಡನೇ ಪುಟ ನೋಡು. ಮೊದಲನೇ ಪುಟದಲ್ಲಿದ್ದ ರೈತರ ಹೆಸರೇ ಅಲ್ಲಿಯೂ ಕೂತಿರಬಹುದು. ಮೂರನೇ ಪುಟದಲ್ಲೂ ಅದೇ ಹೆಸರು, ಅದೇ ಸರ್ವೆ ನಂಬರು, ಅಷ್ಟೇ ಮರ. ಬಿಡಿಯಾಗಿ ತೆರೆದರೆ ಪ್ರತಿ ಅರ್ಜಿಯೂ ಸರಿಯಾಗಿಯೇ ಇತ್ತು, ಕೂಡಿಸಿದಾಗ ಕೆಟ್ಟಿತು. ಕಾರಣ ಇಷ್ಟೆ: ನಮೂನೆಯ ಪ್ರತಿ ಖಾನೆಗೂ ಒಳಗೊಂದು ಹೆಸರಿರುತ್ತದೆ. ಒಂದೇ ಫೈಲಿನೊಳಗೆ ಒಂದೇ ಹೆಸರಿನ ಎರಡು ಖಾನೆ ಇದ್ದರೆ, ಪಿಡಿಎಫ್ ನಿಯಮದ ಪ್ರಕಾರ ಅವೆರಡೂ ಒಂದೇ ಖಾನೆ, ಅವುಗಳಲ್ಲಿ ತುಂಬಿದ ವಿವರವೂ ಒಂದೇ. ಕೆಲವು ತಂತ್ರಾಂಶ ತಾನಾಗಿಯೇ ಖಾನೆಗಳ ಹೆಸರು ಬದಲಿಸಿಕೊಳ್ಳುತ್ತದೆ, ಕೆಲವು ಬದಲಿಸುವುದಿಲ್ಲ. ಅದನ್ನು ನಂಬಿ ಕೂರಬೇಡ. ಒಂದೇ ಅಟ್ಟದ ಮೇಲೆ ಎರಡು ಮನೆಯ ಕಾಯಿ ಗುರುತಿಲ್ಲದೆ ಸುರಿದರೆ ಆಮೇಲೆ ಯಾರ ಕೊಬ್ಬರಿ ಯಾರದೆಂದು ಹೇಳುವವರು ಯಾರು?

ಇದರಿಂದ ಏನಾಗುತ್ತದೆ ಎಂದು ಕೇಳಬೇಡ. ತೆಂಗಿನ ಮರದ ವಿಮೆಯನ್ನೇ ತೆಗೆದುಕೋ. ನಮ್ಮ ಎತ್ತರದ ತಳಿಯ ಮರಕ್ಕೆ 7 ರಿಂದ 60 ವರ್ಷದವರೆಗೆ ವಿಮೆ. ಮರ 15 ವರ್ಷದೊಳಗಿದ್ದರೆ 900 ರೂಪಾಯಿ, ದಾಟಿದ್ದರೆ 1,750 ರೂಪಾಯಿ ಎಂದು ಯೋಜನೆಯಲ್ಲಿ ನಿಗದಿ ಮಾಡಿದ್ದರು. ಕಂತಿನಲ್ಲಿ ಅರ್ಧ ತೆಂಗು ಅಭಿವೃದ್ಧಿ ಮಂಡಳಿಯದು, ಕಾಲು ರಾಜ್ಯ ಸರ್ಕಾರದ್ದು, ಉಳಿದ ಕಾಲು ರೈತನದು. ಅಂದಮೇಲೆ ಮರದ ಸಂಖ್ಯೆ, ವಯಸ್ಸು, ಸರ್ವೆ ನಂಬರು ಒಬ್ಬರದು ಇನ್ನೊಬ್ಬರ ಪುಟಕ್ಕೆ ಬಿದ್ದರೆ, ನಾಳೆ ಮರ ಬಿದ್ದ ದಿನ ಆ ರೈತ ಏನು ತೋರಿಸಿ ಕೇಳಬೇಕು? ತಪ್ಪು ಅವನದಲ್ಲ, ಆದರೆ ಅಲೆಯುವವನು ಅವನೇ.

ಪರಿಹಾರ ಕಷ್ಟದ್ದಲ್ಲ. ಸೇರಿಸುವ ಮೊದಲು ಪ್ರತಿ ಅರ್ಜಿಯನ್ನೂ ಫ್ಲಾಟನ್ ಮಾಡು. ಅಂದರೆ ತುಂಬಿದ ಅಕ್ಷರ ಖಾನೆಯಿಂದ ಇಳಿದು ಪುಟಕ್ಕೇ ಅಚ್ಚಾಗಬೇಕು. ವಿಂಡೋಸ್ 10ರಿಂದ ಈಚೆಗಿನ ಯಂತ್ರವಾದರೆ ಅರ್ಜಿ ತೆರೆದು ಪ್ರಿಂಟ್ ಒತ್ತಿ, ಪ್ರಿಂಟರ್ ಜಾಗದಲ್ಲಿ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಆಯ್ದುಕೋ. ಹೊಸ ಫೈಲಿಗೆ ರೈತನ ಹೆಸರು, ಸರ್ವೆ ನಂಬರು ಎರಡನ್ನೂ ಸೇರಿಸಿ ಹೆಸರಿಡು. ಅರ್ಜಿ ರಾಶಿ ಇದ್ದರೆ ಪಿಡಿಎಫ್‌ಟಿಕೆ ಎಂಬ ತಂತ್ರಾಂಶಕ್ಕೆ ಫೈಲಿಗೊಂದು ಆಜ್ಞೆ ಕೊಟ್ಟರೆ ಸಾಕು, ಕಲಿತುಕೋ. ಹೀಗೆ ಚಪ್ಪಟೆಯಾದ ಫೈಲುಗಳನ್ನು ಆಮೇಲೆ ಸೇರಿಸು. ಪ್ರತಿ ಸದಸ್ಯನ ಅರ್ಜಿಯ ಹಿಂದೆಯೇ ಅವನ ಪಹಣಿ, ಅದರ ಹಿಂದೆ ಪಾಸ್‌ಬುಕ್ ಪುಟ. ಎಲ್ಲರ ಅರ್ಜಿ ಒಂದು ಕಡೆ, ಎಲ್ಲರ ಪಹಣಿ ಇನ್ನೊಂದು ಕಡೆ ಇಟ್ಟರೆ ನೋಡುವ ಗುಮಾಸ್ತರಿಗೂ ತಲೆನೋವು.

ಕನ್ನಡದ ವಿಚಾರ ಬೇರೆಯೇ ಇದೆ. ನಮೂನೆಯ ಖಾನೆಯಲ್ಲಿ ಎಷ್ಟೋ ಸಲ ಒತ್ತಕ್ಷರ ಒಡೆದುಹೋಗುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ಟೈಪಿಸಿದ್ದು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಟುಗಳಾಗುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡು, ಫ್ಲಾಟನ್ ಮಾಡಿದ ಮೇಲೆ 'ಬಸಪ್ಪ' ಬಸಪ್ಪನಾಗಿಯೇ ಉಳಿದಿದ್ದಾನೆಯೇ ಎಂದು ದೊಡ್ಡದು ಮಾಡಿ ನೋಡು. ಪಹಣಿಯಲ್ಲಿ ಇರುವ ಹೆಸರಿಗೂ ಆಧಾರಿನಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೂ ಆಗಲೇ ರೈತನ ಗಮನಕ್ಕೆ ತಾ.

ಇ-ಆಧಾರ್‌ನಂಥ ಡಿಜಿಟಲ್ ಸಹಿ ಇರುವ ಕಾಗದವನ್ನು ಇನ್ನೊಂದರ ಜೊತೆ ಸೇರಿಸಿದರೆ ಆ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ, ಸಹಿಯ ಚಿತ್ರ ಮಾತ್ರ ಉಳಿದೀತು. ಆದ್ದರಿಂದ ಮೂಲ ಫೈಲನ್ನು ಮುಟ್ಟದೆ ಬೇರೆ ಇಡು, ಕಚೇರಿಯವರು ಕೇಳಿದರೆ ಅದನ್ನೇ ಕಳಿಸು. ಆಧಾರಿನ ಪ್ರತಿ ಸಾಕು ಎನ್ನುವ ಕಡೆ, ಮೊದಲ 8 ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ನಡೆಯುತ್ತದೆಯೇ ಎಂದು ಕೇಳು.

ಉಚಿತವಾಗಿ ಪಿಡಿಎಫ್ ಸೇರಿಸಿಕೊಡುತ್ತೇವೆ ಎನ್ನುವ ತಾಣಗಳಿಗೆ ರೈತರ ಕಾಗದ ಏರಿಸಲೇಬೇಡ. ಸಂಘದವರ ಆಧಾರ್, ಬ್ಯಾಂಕ್ ಖಾತೆ, ಜಮೀನಿನ ವಿವರ ಎಲ್ಲ ಯಾರದೋ ಯಂತ್ರಕ್ಕೆ ಹೋಗಿ ಕೂರುತ್ತದೆ. ಪಿಡಿಎಫ್‌ಸ್ಯಾಮ್‌ನಂಥ ಉಚಿತ ತಂತ್ರಾಂಶ ನಿನ್ನ ಕಂಪ್ಯೂಟರಿನೊಳಗೇ ಈ ಕೆಲಸ ಮಾಡುತ್ತದೆ.

ಕಳಿಸುವ ಮೊದಲು ಕಾರ್ಯದರ್ಶಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಪುಟದ ಹೆಸರು, ಸರ್ವೆ ನಂಬರು, ಮರದ ಲೆಕ್ಕ ಗಟ್ಟಿಯಾಗಿ ಓದು. ಹಿಂದೆ ಜನ ಕಾಯುತ್ತಿದ್ದರೂ ಓದು. ಬಿಡಿ ಅರ್ಜಿಗಳನ್ನೂ ಸೇರಿಸಿದ ಫೈಲನ್ನೂ ಅವರ ಪೆನ್‌ಡ್ರೈವ್‌ಗೆ ಹಾಕಿಕೊಡು, ಅವರು ತೆರೆದು ನೋಡಿದ ಮೇಲೆ ನಿನ್ನ ಅಂಗಡಿಯ ಕಂಪ್ಯೂಟರಿನಿಂದ ಎಲ್ಲವನ್ನೂ ಅಳಿಸಿಬಿಡು.